ಅಂಕಿತವಿಲ್ಲದ ನುಡಿ



ಮಾತು ಹೇಗಿರಬೇಕೆಂಬುದನ್ನು ಕುರಿತು ವಿಶ್ವಗುರು ಬಸವಣ್ಣನವರು ಹೇಳಿದ ವಚನವೊಂದು ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬರಿಗೂ ಕಂಠಪಾಠವಾಗಿದೆ. ಮುತ್ತು, ಮಾಣಿಕ್ಯ, ಸ್ಫಟಿಕಗಳ ಹೋಲಿಕೆ ಬರುವ ಆ ವಚನವನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ. ಸುಲೇಪೇಟ ಸೀಮೆಯ ಯಾವ ಭಕ್ತರ ಮೊಬೈಲನ್ನು ತೆರೆದು ನೋಡಿದರೂ ಅದು ಗುಲಾಬಿ ಹೂವಿನ ಚಿತ್ರದ ಮೇಲೆ ಅಚ್ಚಾಗಿ ಬೆಳಗಿನ ಐದು ಗಂಟೆಗೇ ಬಂದು ಕುಳಿತಿರುತ್ತದೆ. ಅದರ ಕೆಳಗೆ ಯಾವುದೋ ಮಠದ ಸ್ವಾಮಿಗಳನ್ನು ಕುರಿತು ಬಾಯಿಂದ ಆಡಲಾಗದ ಮಾತು. ಅದರ ಕೆಳಗೆ ಅನ್ಯಧರ್ಮದವರನ್ನು ಕುರಿತು ತಲೆಬುಡವಿಲ್ಲದ ಒಂದು ಸುದ್ದಿ. ಮೂರನ್ನೂ ಕಳಿಸಿದ ಕೈ ಒಂದೇ, ಆ ಕೈ ಬಹುಮಟ್ಟಿಗೆ ಇಷ್ಟಲಿಂಗವನ್ನು ಪೂಜಿಸಿದ ಕೈ. ಇದೇನಪ್ಪಾ ಎಂದು ಕೇಳಿದರೆ ಸಿದ್ಧವಾದ ಉತ್ತರವೊಂದಿದೆ: "ನಂದೇನೂ ಇಲ್ರಿ, ಬಂದದ್ದು ಮುಂದ ಕಳಿಸೀನಿ ಅಷ್ಟೇ."

ಈ ಉತ್ತರವನ್ನು ವಿರೋಧಿಸುವುದಕ್ಕಾಗಿಯೇ ಈ ಬರಹ. ಬಯ್ಯುವವರು ಎಲ್ಲ ಕಾಲದಲ್ಲಿಯೂ ಇದ್ದರು, ಅವರನ್ನು ಗುರುತಿಸುವುದು ಸುಲಭ. ತಾನು ಏನನ್ನೂ ಆಡಲಿಲ್ಲವೆಂದು ನಂಬಿಕೊಂಡೇ ಮುನ್ನೂರು ಮನೆಗಳಿಗೆ ಮಾತನ್ನು ತಲುಪಿಸುವ ಸಜ್ಜನನು ಮಾತ್ರ ಈ ಕಾಲದ ಸೃಷ್ಟಿ. ಆ ಸಜ್ಜನನು ನಮ್ಮವನೇ ಆಗಿದ್ದಾನೆ.

ಮೇಲೆ ಹೇಳಿದ ವಚನವನ್ನು ವ್ಯಾಖ್ಯಾನಿಸುವಾಗ ನಾವು ಸಾಮಾನ್ಯವಾಗಿ ಮುತ್ತಿನ ಹೋಲಿಕೆಯಲ್ಲಿಯೇ ನಿಂತುಬಿಡುತ್ತೇವೆ. ಮಾತು ಮಧುರವಾಗಿರಬೇಕು, ಹೊಳೆಯಬೇಕು, ಪಾರದರ್ಶಕವಾಗಿರಬೇಕು ಎಂದು ಪ್ರವಚನಕಾರರು ವಿಸ್ತರಿಸುತ್ತಾರೆ. ಭಕ್ತರು ತಲೆದೂಗುತ್ತಾರೆ. ಆದರೆ ಆ ಮೂರು ಹೋಲಿಕೆಗಳು ಮುಗಿದ ಮೇಲೆ ಬಸವಣ್ಣನವರು ಹೋಲಿಕೆಯನ್ನೇ ಬಿಟ್ಟುಬಿಡುತ್ತಾರೆ. ಮಾತನ್ನು ಕೇಳಿ ಲಿಂಗವೇ ಒಪ್ಪಿಕೊಳ್ಳಬೇಕೆನ್ನುತ್ತಾರೆ, ಆಡಿದಂತೆ ನಡೆಯದಿದ್ದರೆ ಆ ಲಿಂಗ ಒಲಿಯುವುದಾದರೂ ಹೇಗೆಂದು ಕೇಳುತ್ತಾರೆ. ವಚನದ ಭಾರವೆಲ್ಲ ಇರುವುದು ಅಲ್ಲಿ. ಇಲ್ಲಿ ಮಾತಿನ ಅಳತೆಗೋಲು ಕೇಳುಗನ ಮೆಚ್ಚುಗೆಯಲ್ಲ. ಎಷ್ಟು ಜನ ಹೆಬ್ಬೆರಳು ಎತ್ತಿ ತೋರಿಸಿದರು, ಎಷ್ಟು ಜನ ಕೈಮುಗಿದ ಚಿತ್ರ ಹಾಕಿದರು ಎಂಬ ಲೆಕ್ಕ ಲಿಂಗದ ಮುಂದೆ ನಡೆಯುವುದಿಲ್ಲ. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಈ ಸಂದೇಶವನ್ನು ಗಟ್ಟಿಯಾಗಿ ಓದಿಹೇಳಬಲ್ಲೆವೇ? ಓದಬಲ್ಲೆವಾದರೆ ಕಳಿಸೋಣ. ನಾಲಿಗೆ ತಡವರಿಸಿದರೆ ಬೆರಳೂ ತಡೆಯಲಿ.

ಇದಕ್ಕೆ ಸಂಬಂಧಿಸಿದಂತೆ ಶರಣರು ನಮಗೆ ಬಿಟ್ಟುಹೋದ ಒಂದು ಪದ್ಧತಿಯಿದೆ. ಅದರ ಅರ್ಥವನ್ನು ನಾವು ಮರೆತಂತಿದೆ. ಅದೇ ಅಂಕಿತ. ಬಸವಣ್ಣನವರ ವಚನ ಕೂಡಲಸಂಗಮದೇವನ ಹೆಸರಿನಲ್ಲಿ ಮುಗಿಯುತ್ತದೆ, ಅಲ್ಲಮಪ್ರಭುಗಳದು ಗುಹೇಶ್ವರನ ಹೆಸರಿನಲ್ಲಿ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ, ಮಡಿವಾಳ ಮಾಚಯ್ಯನವರದು ಕಲಿದೇವರದೇವನ ಹೆಸರಿನಲ್ಲಿ. ಇದನ್ನು ಕೇವಲ ಕವಿಯ ಗುರುತೆಂದು ತಿಳಿದರೆ ಅರ್ಧ ಅರ್ಥವಷ್ಟೇ ದಕ್ಕುತ್ತದೆ. ತಾನು ಆಡಿದ ಮಾತಿಗೆ ತನ್ನ ಆರಾಧ್ಯನನ್ನೇ ಸಾಕ್ಷಿಯಾಗಿ ನಿಲ್ಲಿಸುವುದು ಅಂಕಿತ. ಸುಳ್ಳಾದರೆ ಆ ಸಾಕ್ಷಿಯ ಮುಂದೆ ತಲೆ ತಗ್ಗಿಸಬೇಕಾದೀತೆಂಬ ಎಚ್ಚರ ಅದರಲ್ಲಿದೆ. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವನ್ನಾಗಿ ಮಾಡಿಕೊಂಡರು. ವಚನಕಾರರಲ್ಲಿಯೇ ಅತ್ಯಂತ ಖಾರವಾದ ಮಾತು ಅವರದು. ಆದರೆ ಹೊಡೆದವನು ನಾನೇ ಎಂದು ಎದುರಿಗೆ ನಿಂತು ಹೊಡೆದರು, ಹೆಸರು ಮರೆಸಿಕೊಂಡು ಕಲ್ಲು ತೂರಲಿಲ್ಲ.

ಮುಂದೂಡಿದ ಸಂದೇಶಕ್ಕೆ ಅಂಕಿತವಿಲ್ಲ. ಯಾರು ಬರೆದರು, ಯಾವಾಗ ಬರೆದರು, ಯಾವ ಊರಿನ ಸಂಗತಿ, ಒಂದೂ ತಿಳಿಯದು. ಇಂಗ್ಲಿಷ್ ಕಲಿತವರು ಅದರ ತಲೆಯ ಮೇಲೆ "ಫಾರ್ವರ್ಡೆಡ್ ಆ್ಯಸ್ ರಿಸೀವ್ಡ್" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಬಂದಂತೆಯೇ ಕಳಿಸಿದ್ದೇನೆಂಬ ಈ ಟಿಪ್ಪಣಿಯನ್ನು ಅನೇಕರು ಪ್ರಾಮಾಣಿಕತೆಯೆಂದು ಭಾವಿಸಿದ್ದಾರೆ. ಪರಿಶೀಲಿಸಲಿಲ್ಲವೆಂದು ತಾನೇ ಬರೆದುಕೊಟ್ಟ ತಪ್ಪೊಪ್ಪಿಗೆಯಲ್ಲದೆ ಅದು ಬೇರೇನೂ ಅಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ವಚನಗಳು ನಮಗೆ ದೊರೆತದ್ದೂ ಹೀಗೆಯೇ ತಾನೆ? ಒಬ್ಬರು ಬರೆದುದನ್ನು ಇನ್ನೊಬ್ಬರು ಪ್ರತಿ ಮಾಡಿ, ಅದನ್ನು ಮತ್ತೊಬ್ಬರು ಪ್ರತಿ ಮಾಡಿ, ಕಲ್ಯಾಣದ ಕ್ಷೋಭೆಯ ನಂತರ ಕಟ್ಟು ಕಟ್ಟಿಕೊಂಡು ಹೊತ್ತು ಸಾಗಿಸಿದ್ದರಿಂದಲೇ ಅಲ್ಲವೇ ಇಂದು ನಮ್ಮ ಕೈಯಲ್ಲಿ ವಚನಗಳಿರುವುದು? ನಿಜ. ಆದರೆ ಓಲೆಗರಿಯ ಲಿಪಿಕಾರ ಏನು ಮಾಡುತ್ತಿದ್ದನೆಂಬುದನ್ನೂ ನೋಡಬೇಕು. ಕಟ್ಟಿನ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಕಾಣಿಸಿ, ತನ್ನ ಹೆಸರು ಹೇಳಿ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಬಿನ್ನಹ ಮಾಡುವುದು ಆ ಲಿಪಿಕಾರರ ವಾಡಿಕೆಯಾಗಿತ್ತು. ಪ್ರತಿ ಮಾಡಿದವನಿಗೂ ಹೊಣೆಯಿತ್ತು. ಮುಂದೆ ಆ ಓಲೆಗಳನ್ನು ಹುಡುಕಿ ಹೊರಟ ಫ. ಗು. ಹಳಕಟ್ಟಿಯವರು (1880-1964) ಮನೆ ಮನೆ, ಮಠ ಮಠ ಅಲೆದು ಕಟ್ಟುಗಳನ್ನು ಸಂಗ್ರಹಿಸಿದರು. 'ವಚನ ಶಾಸ್ತ್ರ ಸಾರ'ದ ಮೊದಲ ಭಾಗವನ್ನು 1923ರಲ್ಲಿ ಹೊರತಂದರು. ಅಚ್ಚು ಹಾಕಿಸಲು ತೊಡಕಾದಾಗ ಇದ್ದ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಒಂದು ವಚನವನ್ನು ಜನರಿಗೆ ತಲುಪಿಸಲು ಆ ಮಹನೀಯರು ತೆತ್ತ ಬೆಲೆ ಒಂದು ಮನೆ. ಇಂದು ಆ ಬೆಲೆ ಶೂನ್ಯಕ್ಕಿಳಿದಿದೆ, ಅದು ಸಂತೋಷದ ಸಂಗತಿಯೇ. ಬೆಲೆಯೊಡನೆ ಎಚ್ಚರವೂ ಶೂನ್ಯವಾದದ್ದು ಮಾತ್ರ ದುಃಖದ ಸಂಗತಿ.

ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಚಿಂಚೋಳಿ ತಾಲ್ಲೂಕಿಗೆ ತಾಗಿಕೊಂಡಿರುವ ಬೀದರ್ ಜಿಲ್ಲೆಯಲ್ಲಿ, ಅನುಭವ ಮಂಟಪವಿದ್ದ ಕಲ್ಯಾಣ ಇರುವ ಅದೇ ಜಿಲ್ಲೆಯಲ್ಲಿ, 2018ರ ಜುಲೈ 13ರಂದು ನಡೆದ ಘಟನೆ ಇದು. ಹೈದರಾಬಾದಿನಿಂದ ಕೆಲವು ಯುವಕರು ಔರಾದ್ ಸೀಮೆಯ ಹಂದಿಕೇರಾ ಗ್ರಾಮದ ಸ್ನೇಹಿತನ ಮನೆಗೆ ಬಂದಿದ್ದರು. ಅವರಲ್ಲೊಬ್ಬರು ಕತಾರ್ ದೇಶದವರು. ದಾರಿಯಲ್ಲಿ ಕಾರು ನಿಲ್ಲಿಸಿದಾಗ ಅಲ್ಲಿದ್ದ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅದಕ್ಕೂ ಹಲವು ವಾರಗಳ ಮೊದಲಿನಿಂದ ನಾಡಿನಾದ್ಯಂತ ಮೊಬೈಲುಗಳಲ್ಲಿ ಮಕ್ಕಳ ಕಳ್ಳರ ಸುದ್ದಿ ಹರಿದಾಡುತ್ತಿತ್ತು. ಅದೇ ಸುದ್ದಿಯನ್ನು ನಂಬಿ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಹೊಡೆದು ಕೊಂದದ್ದೂ ಆಗಿತ್ತು. ಊರಿನವರಿಗೆ ಅನುಮಾನ ಬಂತು. ಮಾತಿಗೆ ಮಾತು ಬೆಳೆಯಿತು. ಯುವಕರು ಹೆದರಿ ಕಾರು ಹತ್ತಿ ಹೊರಟರು. ಆದರೆ ಕಾರಿಗಿಂತ ಮೊದಲು ಅವರ ಚಿತ್ರವೂ ಮಕ್ಕಳ ಕಳ್ಳರೆಂಬ ಮಾತೂ ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಮುರ್ಕಿ ಗ್ರಾಮವನ್ನು ತಲುಪಿದ್ದವು. ಅಲ್ಲಿ ದಾರಿಗೆ ಅಡ್ಡ ಹಾಕಿ ನಿಂತಿದ್ದರು. ಕಾರು ಉರುಳಿತು. ನೂರಾರು ಜನ ಸೇರಿ ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದವು. ಸಾಫ್ಟ್‌ವೇರ್ ಕೆಲಸದಲ್ಲಿದ್ದ, ಮೂವತ್ತರ ಆಸುಪಾಸಿನ ಒಬ್ಬ ಯುವಕ ಅಲ್ಲಿಯೇ ಪ್ರಾಣ ಬಿಟ್ಟ. ಪೊಲೀಸರು ಬಂಧಿಸಿದ ಸುಮಾರು ಮೂವತ್ತು ಜನರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದರು.

ಕಲ್ಲು ಎತ್ತಿದ ಕೈಗಳ ವಿಚಾರಣೆಯನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನಾನು ಕೇಳುವುದು ಬೇರೆಯವರ ವಿಚಾರ. ಹಂದಿಕೇರಾಕ್ಕೂ ಹೋಗದ, ಮುರ್ಕಿಯನ್ನೂ ನೋಡದ, ಮಕ್ಕಳ ಕಳ್ಳರ ಆ ಹಳೆಯ ವಿಡಿಯೋವನ್ನು ಎರಡು ವಾರ ಮೊದಲು "ಎಲ್ಲರೂ ಎಚ್ಚರ" ಎಂದು ಬರೆದು ಸದುದ್ದೇಶದಿಂದಲೇ ತಮ್ಮ ಓಣಿಯ ಗುಂಪಿಗೆ ಹಾಕಿದ ಸಾವಿರಾರು ಜನರಿದ್ದರಲ್ಲ, ಅವರಲ್ಲಿ ಯಾರಾದರೂ ಆ ಸಾವಿನಲ್ಲಿ ತಮ್ಮ ಪಾಲಿದೆಯೆಂದು ಒಂದು ರಾತ್ರಿಯಾದರೂ ನಿದ್ದೆಗೆಟ್ಟರೇ? ಬಂದದ್ದನ್ನು ಮುಂದೆ ಕಳಿಸಿದೆ ಎಂಬ ಮಾತು ನಿದ್ದೆ ತರಿಸುವ ಔಷಧಿಯಂತೆ ಕೆಲಸ ಮಾಡುತ್ತದೆ. ಕಲ್ಯಾಣದ ಪರಂಪರೆಯ ಕಥೆಗಳಲ್ಲಿ ಬಿಜ್ಜಳನ ಕಿವಿಗೆ ಬಸವಣ್ಣನವರ ವಿರುದ್ಧ ಚಾಡಿ ಹೇಳುತ್ತಿದ್ದ ಕೊಂಡೆಯ ಮಂಚಣ್ಣ ಬರುತ್ತಾನೆ. ಅವನನ್ನು ನಾಟಕದಲ್ಲಿ ಕಂಡರೆ ನಾವು ಇಂದಿಗೂ ಹಲ್ಲು ಕಡಿಯುತ್ತೇವೆ. ಮಂಚಣ್ಣನು ಕೂಡ ಒಂದೂರಿನ ಮಾತನ್ನು ಇನ್ನೊಂದೆಡೆಗೆ ಮುಟ್ಟಿಸಿದವನು. ಅವನಿಗೆ ಕೇಳಲು ಒಬ್ಬನೇ ಬಿಜ್ಜಳನಿದ್ದ.

ಇಂಥ ಅನಾಹುತಕ್ಕೆ ವಾಟ್ಸ್‌ಆ್ಯಪ್ ಒಂದೇ ಕಾರಣವೆಂದು ಹೇಳುವುದೂ ಸರಿಯಲ್ಲ. 2012ರ ಆಗಸ್ಟಿನಲ್ಲಿ, ಈ ದೊಡ್ಡ ಫೋನುಗಳು ಎಲ್ಲರ ಕೈಗೂ ಬಂದಿರದ ಕಾಲದಲ್ಲಿ, ಬರಿಯ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರಿನಿಂದ ವಿಶೇಷ ರೈಲುಗಳಲ್ಲಿ ಊರು ಬಿಟ್ಟು ಹೋದರು. ಕೇಂದ್ರ ಸರಕಾರವು ಆಗ ಕೆಲವು ದಿನಗಳ ಮಟ್ಟಿಗೆ ಒಮ್ಮೆಲೆ ಕಳಿಸಬಹುದಾದ ಸಂದೇಶಗಳನ್ನು ಐದಕ್ಕೆ ಮಿತಿಗೊಳಿಸಿತು. 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಕಂಪನಿಯೂ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಗೇ ಮುಂದೂಡದಂತೆ ಮಾಡಿತು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದೆಂದು ಇನ್ನಷ್ಟು ಬಿಗಿ ಮಾಡಿತು. ಮುರ್ಕಿಯ ಘಟನೆಯಾದ ನಾಲ್ಕು ದಿನಕ್ಕೆ, ಅಂದರೆ 2018ರ ಜುಲೈ 17ರಂದು, ಗುಂಪು ಹತ್ಯೆಗಳನ್ನು ತಡೆಯಲು ಸುಪ್ರೀಂ ಕೋರ್ಟು ಸರಕಾರಗಳಿಗೆ ಕಟ್ಟುನಿಟ್ಟಿನ ನಿರ್ದೇಶನ ನೀಡಿತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಐದು ಕಡೆಗೆ ಮಾತ್ರ ಸುಳ್ಳು ಹೇಳಬಹುದೆಂಬ ನಿಯಮದಿಂದ ಯಾರೂ ಸತ್ಯವಂತರಾಗುವುದಿಲ್ಲ. ಒಳಗಿನ ತಡೆ ಬೇಕು. ಆ ತಡೆಯನ್ನು ಕಲಿಸುವ ಕೆಲಸ ಕಂಪನಿಯದಲ್ಲ, ಗುರುಮನೆಯದು.

ಗುರುಮನೆಗಳೂ ಭಕ್ತರೂ ಈ ವಿಷಯದಲ್ಲಿ ಹೇಗಿದ್ದೇವೆಂಬುದನ್ನು ಈಗ ಹೇಳಲೇಬೇಕು. 2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು 111ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅದಕ್ಕಿಂತ ಮೊದಲೇ, ಪೂಜ್ಯರು ಇನ್ನೂ ಉಸಿರಾಡುತ್ತಿರುವಾಗಲೇ, ಅವರಿಗೆ ಶ್ರದ್ಧಾಂಜಲಿ ಸಲ್ಲಿಸುವ ಚಿತ್ರಗಳು ಹರಿದಾಡಿದವು. ಹಾಗೆ ಮಾಡಿದವರು ವೈರಿಗಳಾಗಿರಲಿಲ್ಲ, ಭಕ್ತರಾಗಿದ್ದರು. ಯಾರು ಮೊದಲು ಕಳಿಸುತ್ತಾರೆಂಬ ಪೈಪೋಟಿಯಲ್ಲಿ ಗುರುವಿನ ಸಾವನ್ನೂ ಕಾಯದ ಭಕ್ತಿ ಅದು! ಅದಕ್ಕೆ ಏನು ಹೆಸರಿಡಬೇಕೋ ತಿಳಿಯದು.

ಇನ್ನು ವಚನಗಳ ಸ್ಥಿತಿ. ಯಾರೋ ಹೇಳಿದ ಬುದ್ಧಿಮಾತು, ಯಾವುದೋ ಸಿನಿಮಾದ ಸಂಭಾಷಣೆ, ಗಂಡ ಹೆಂಡಿರ ಮೇಲಿನ ಒಂದು ಚುಟುಕ, ಇವುಗಳ ಕೊನೆಗೆ ಕೂಡಲಸಂಗಮದೇವನ ಹೆಸರು ಸೇರಿಸಿದರೆ ವಚನ ಸಿದ್ಧವಾಗುತ್ತದೆ, ಬಸವಣ್ಣನವರ ಚಿತ್ರವನ್ನೂ ಅಂಟಿಸಿದರೆ ಅದಕ್ಕೆ ಪ್ರಾಮಾಣ್ಯವೂ ಬರುತ್ತದೆ. ಇದೇ ಸಮಾಜ ಹಿಂದೆ ಅಂಕಿತದ ವಿಷಯದಲ್ಲಿ ಹೇಗೆ ನಡೆದುಕೊಂಡಿತೆಂಬುದನ್ನು ನೆನೆಯಬೇಕು. ಪೂಜ್ಯ ಮಾತೆ ಮಹಾದೇವಿಯವರು ತಮ್ಮ 'ವಚನ ದೀಪ್ತಿ' ಗ್ರಂಥದಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದಾಗ ನಾಡೇ ಎದ್ದು ನಿಂತಿತು. 1998ರಲ್ಲಿ ರಾಜ್ಯ ಸರಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಸರಕಾರದ ಕ್ರಮವೇ ಎತ್ತಿಹಿಡಿಯಲ್ಪಟ್ಟಿತು. ಆ ವಿವಾದದಲ್ಲಿ ಯಾರ ಪಕ್ಷ ಸರಿಯೆಂಬುದು ಇಲ್ಲಿಯ ಪ್ರಶ್ನೆಯಲ್ಲ. ನಿಜವಾದ ವಚನದಲ್ಲಿ ಅಂಕಿತದ ಒಂದು ಪದ ಬದಲಾದದ್ದಕ್ಕೆ ಎರಡು ದಶಕ ನ್ಯಾಯಾಲಯದಲ್ಲಿ ನಿಂತ ಸಮಾಜ, ಸುಳ್ಳು ವಚನಕ್ಕೆ ನಿಜವಾದ ಅಂಕಿತ ಹಚ್ಚಿ ಬಂದರೆ ಕೈಮುಗಿದ ಚಿತ್ರ ಹಾಕಿ ಮುಂದೆ ಕಳಿಸುತ್ತದೆ. ಮೊದಲನೆಯದಕ್ಕಿಂತ ಎರಡನೆಯದು ಸಣ್ಣ ಅಪಚಾರವೇ? ಪರಿಶೀಲಿಸಲು ಸಾಧನವಿಲ್ಲವೆಂದೂ ಹೇಳುವಂತಿಲ್ಲ. ಸರಕಾರವು 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದಿವೆ. 'ವಚನ ಸಂಚಯ'ವೆಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಅದು ಬರುವ ವಚನಗಳನ್ನೆಲ್ಲ ತೋರಿಸುತ್ತದೆ. ಸಂದೇಶವನ್ನು ಮುಂದೂಡಲು ಯಾವ ಫೋನು ಬೇಕೋ ಹುಡುಕಲೂ ಅದೇ ಫೋನು ಸಾಕು.

ಆ ಹದಿನೈದು ಸಂಪುಟಗಳ ಕಾರ್ಯದಲ್ಲಿ ಮುಂದಾಳುಗಳಾಗಿ ದುಡಿದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ಸುದ್ದಿ ಬಂದ ಆ ಹೊತ್ತಿನಲ್ಲಿಯೇ ಆ ಸಾವನ್ನು ಸಂಭ್ರಮಿಸುವ ಬರಹಗಳು ಜಾಲತಾಣದಲ್ಲಿ ಕಾಣಿಸಿಕೊಂಡವು. ಅವರ ಸಂಶೋಧನೆಗಳನ್ನು ಒಪ್ಪದ ಲಿಂಗಾಯತರು ಅನೇಕರಿದ್ದಾರೆ, ಇರಲಿ. ಒಪ್ಪದಿರುವುದಕ್ಕೂ ಹೆಣದ ಮುಂದೆ ನಗುವುದಕ್ಕೂ ನಡುವೆ ಇರುವ ಗೆರೆ ಅಂದು ಅಳಿಸಿಹೋಯಿತು. ಎರಡು ವರ್ಷದ ನಂತರ, 2017ರಲ್ಲಿ ಬೀದರದಿಂದ ಆರಂಭವಾದ ಸ್ವತಂತ್ರ ಧರ್ಮದ ಸಮಾವೇಶಗಳ ಕಾಲದಲ್ಲಿ ಹಾಗೂ 2018ರ ಮಾರ್ಚಿನಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ವರದಿಯನ್ನು ರಾಜ್ಯ ಸರಕಾರ ಒಪ್ಪಿಕೊಂಡ ದಿನಗಳಲ್ಲಿ, ಲಿಂಗಾಯತವೋ ವೀರಶೈವವೋ ಎಂಬ ವಿಚಾರ ನಮ್ಮ ಮೊಬೈಲುಗಳಲ್ಲಿ ಹೇಗೆ ಚರ್ಚೆಯಾಯಿತೆಂಬುದು ಎಲ್ಲರಿಗೂ ಗೊತ್ತು. ಇತಿಹಾಸ, ಶಾಸನ, ತತ್ತ್ವ, ಕಾನೂನು ಎಲ್ಲವನ್ನೂ ಬಲ್ಲವರು ಕುಳಿತು ಬಿಡಿಸಬೇಕಾದ ಗಂಟು ಅದು. ನಾವು ಮಾಡಿದ್ದೇನೆಂದರೆ, ಮೇಲೆ ಬಸವಣ್ಣನವರ ಚಿತ್ರ ಹಾಕಿ ಕೆಳಗೆ ಎದುರು ಪಕ್ಷದ ಜಗದ್ಗುರುಗಳ, ಮಠಾಧೀಶರ, ಚಿಂತಕರ ತಾಯಿ ತಂದೆಯರನ್ನು ಎಳೆತಂದೆವು. ಎರಡೂ ಕಡೆಯವರು ಎಳೆತಂದರು, ಒಂದು ಕಡೆಯನ್ನು ಮಾತ್ರ ದೂರುವುದು ಅನ್ಯಾಯವಾದೀತು. ಬೀಗರ ನಡುವೆ ಮಾತು ಬಿಟ್ಟುಹೋದ ಮನೆಗಳು ಈ ಸೀಮೆಯಲ್ಲಿಯೂ ಇವೆ. ವರದಿ ದಿಲ್ಲಿಗೆ ಹೋಯಿತು, ಬೈಗುಳ ಮನೆಯಲ್ಲಿಯೇ ಉಳಿಯಿತು.

ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನು 'ಕವಿರಾಜಮಾರ್ಗ'ವನ್ನು ಬರೆದದ್ದು ಆ ಕಾಗಿಣಾ ದಂಡೆಯ ರಾಜಧಾನಿಯ ಆಶ್ರಯದಲ್ಲಿ. ಕನ್ನಡದಲ್ಲಿ ದೊರೆತ ಮೊದಲ ಗ್ರಂಥವಾದ ಅದರಲ್ಲಿ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಿಕೊಳ್ಳಬಲ್ಲ ಶಕ್ತಿಯೇ ಮನುಷ್ಯನಿಗೆ ನಿಜವಾದ ಸಂಪತ್ತೆಂಬ ಆಶಯವಿದೆ. ಬಸವಣ್ಣನವರಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಮಾತದು. ಮಳಖೇಡದ ಕೋಟೆಯ ಪಕ್ಕದಲ್ಲಿ ಇಂದು ಸಿಮೆಂಟಿನ ಕಾರ್ಖಾನೆಯಿದೆ, ಹಾದುಹೋಗುವ ಲಾರಿಗಳ ಧೂಳಿನಲ್ಲಿ ಆ ಕೋಟೆ ಮಸುಕಾಗಿ ಕಾಣುತ್ತದೆ. ಸೈರಣೆಯ ವಿಷಯದಲ್ಲಿ ನಮ್ಮ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಇಷ್ಟನ್ನು ಓದಿ, ಹಾಗಾದರೆ ಯಾರಿಗೂ ಎದುರಾಡದೆ ಸಿಹಿ ಮಾತನಾಡಿಕೊಂಡಿರುವುದೇ ಶಿಷ್ಟಾಚಾರವೆಂದು ಯಾರಾದರೂ ತಿಳಿದರೆ ಅದಕ್ಕಿಂತ ದೊಡ್ಡ ಅಪಾರ್ಥ ಇನ್ನೊಂದಿಲ್ಲ. ಅನುಭವ ಮಂಟಪದ ಗೋಷ್ಠಿ ಸಿಹಿ ಹಂಚುವ ಕೂಟವಾಗಿರಲಿಲ್ಲ. ಶೂನ್ಯಸಂಪಾದನೆಯನ್ನು ಓದಿದವರಿಗೆ ಅದು ತಿಳಿದಿದೆ. ಅಲ್ಲಮಪ್ರಭುಗಳು ಕಲ್ಯಾಣಕ್ಕೆ ಬಂದ ಅಕ್ಕನನ್ನು ಹೊಗಳಿ ಸ್ವಾಗತಿಸಲಿಲ್ಲ, ಒಂದೊಂದೇ ಕಠಿಣ ಪ್ರಶ್ನೆ ಕೇಳಿದರು. ಅಕ್ಕ ಒಂದೊಂದಕ್ಕೂ ಉತ್ತರಿಸಿದರು, ಸಭೆ ಕೊನೆಯವರೆಗೂ ಕೇಳಿತು. ಅಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕ ಪ್ರಭುಗಳನ್ನೇ ಮರುಪ್ರಶ್ನಿಸಿದರು. ಕೇಳಿದವರು ಉತ್ತರ ಬರುವವರೆಗೆ ಅಲ್ಲಿಯೇ ಇದ್ದರು. ಒಂದು ಮಾತು ಎಸೆದು ಗುಂಪಿನಿಂದ ಹೊರಗೆ ಹೋಗುವ ಸೌಕರ್ಯ ಆ ಮಂಟಪದಲ್ಲಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಇನ್ನೂ ಹತ್ತಿರದ್ದು. ಅವರ ವಚನಗಳ ಅಂಕಿತದಲ್ಲಿಯೇ ಪತಿ ಮಾರಯ್ಯನವರ ಹೆಸರು ಸೇರಿಕೊಂಡಿದೆ, ಅಷ್ಟು ಪ್ರೀತಿ. ಆದರೂ ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೆ ಸಲ್ಲದೆಂದು ಹೇಳಿ ಹೆಚ್ಚಾದದ್ದನ್ನು ಮರಳಿ ಅಲ್ಲಿಗೇ ಒಯ್ಯಿಸಿದರು. ಊರ ಮುಂದೆ ಗಂಡನ ಮಾನ ಕಳೆಯಲಿಲ್ಲ, ಗಂಡನೆಂದು ಸುಮ್ಮನೆಯೂ ಇರಲಿಲ್ಲ. ನಮ್ಮ ಗುಂಪುಗಳಲ್ಲಿ ಹಿರಿಯರೊಬ್ಬರು, ಶಿಕ್ಷಕರೊಬ್ಬರು, ಕೆಲವೊಮ್ಮೆ ಸ್ವಾಮಿಗಳೇ ಸುಳ್ಳು ಸುದ್ದಿ ಹಾಕಿದಾಗ ಅದು ಸುಳ್ಳೆಂದು ಗೊತ್ತಿದ್ದ ಹತ್ತು ಜನ ಕಿರಿಯರು ಮರ್ಯಾದೆಗೆ ಸುಮ್ಮನಿರುತ್ತಾರೆ. ಇದನ್ನು ಮರ್ಯಾದೆಯೆನ್ನಲು ಬಾರದು. ಹಿರಿಯರಿಗೆ ಏಕಾಂತದಲ್ಲಿ, "ಅಪ್ಪಾಜಿ, ಇದು ಖರೆ ಸುದ್ದಿ ಅಲ್ರಿ, ಹಿಂಗದ ನೋಡ್ರಿ" ಎಂದು ತಿಳಿಸಿ, ಅವರ ಕೈಯಿಂದಲೇ ಅಳಿಸಲು ಬಿಡುವುದು ಲಕ್ಕಮ್ಮನವರ ದಾರಿ. ಸುದ್ದಿ ಆಗಲೇ ಹರಡಿ ಯಾರಿಗಾದರೂ ಕೇಡಾಗುವಂತಿದ್ದರೆ ಮಾತ್ರ ಎಲ್ಲರ ಮುಂದೆ ಹೇಳಬೇಕು. ಆಗಲೂ ಮಾತನ್ನು ಅಲ್ಲಗಳೆಯಬೇಕು, ಮನುಷ್ಯನನ್ನಲ್ಲ.

ನಮಸ್ಕಾರದ ವಿಷಯಕ್ಕೂ ಬರೋಣ, ಏಕೆಂದರೆ ಶಿಷ್ಟಾಚಾರ ಶುರುವಾಗುವುದೇ ಅಲ್ಲಿಂದ. ಹರಳಯ್ಯನವರು ಒಮ್ಮೆ ದಾರಿಯಲ್ಲಿ ಬಸವಣ್ಣನವರಿಗೆ ಶರಣು ಎಂದರು, ಬಸವಣ್ಣನವರು ಮರಳಿ ಶರಣು ಶರಣಾರ್ಥಿ ಎಂದರು ಎಂಬ ಕಥೆ ನಮ್ಮಲ್ಲಿ ಮನೆಮಾತಾಗಿದೆ. ಹೆಚ್ಚಾಗಿ ಬಂದ ಒಂದು ಶರಣಿನ ಭಾರವನ್ನು ತಾಳಲಾರದೆ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಪ್ಪಿಸಿದರಂತೆ. ಒಂದು ಪದದ ಋಣ ಅಷ್ಟು ದೊಡ್ಡದು. ನಾವೋ ಅದೇ ಪದವನ್ನು ಹೊಳೆಯುವ ಅಕ್ಷರದ ಚಿತ್ರ ಮಾಡಿ ದಿನಕ್ಕೆ ಇನ್ನೂರು ಜನರಿಗೆ ಒಂದೇ ಒತ್ತಿನಲ್ಲಿ ಕಳಿಸುತ್ತೇವೆ. ಆ ಇನ್ನೂರರಲ್ಲಿ ಒಬ್ಬನು, ತಾಯಿಯನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ್ದೇನೆ, ರಕ್ತ ಬೇಕಾಗಿದೆ ಎಂದು ಬರೆದಿರುತ್ತಾನೆ. ಅದರ ಕೆಳಗೆ ಮರುದಿನ ಬೆಳಿಗ್ಗೆ ಮತ್ತೆ ಗುಲಾಬಿ ಹೂವು ಬಂದು ಬೀಳುತ್ತದೆ. ಕಳಿಸಿದವರು ಓದಿಯೇ ಇಲ್ಲ. ಇನ್ನೂರು ಶರಣಾರ್ಥಿಗಳ ಬದಲು ಅವನೊಬ್ಬನಿಗೆ ಫೋನ್ ಮಾಡಿ "ತಾಯಿ ಹ್ಯಾಂಗದಾರ?" ಎಂದು ಕೇಳಿದ್ದರೆ ಶರಣು ಎಂಬ ಪದಕ್ಕೆ ಅರ್ಥ ಬರುತ್ತಿತ್ತು.

ಈ ಪೀಡೆಯೇ ಬೇಡ, ಫೋನನ್ನೇ ಬಿಡಿ ಎಂದು ಉಪದೇಶಿಸುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ತೊಗರಿಯ ರಾಶಿ ಮುಗಿದ ಮೇಲೆ ಹೊಟ್ಟೆಪಾಡಿಗೆ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗುವ ಕುಟುಂಬಗಳು ಈ ಚಿಂಚೋಳಿ ಸೀಮೆಯ ಹಳ್ಳಿ ತಾಂಡಾಗಳಲ್ಲಿ ಎಷ್ಟೋ ಇವೆ. ಊರಲ್ಲಿ ಬಿಟ್ಟುಬಂದ ಮಗುವಿನ ಮುಖವನ್ನು ಅವರು ಸಂಜೆ ನೋಡುವುದು ಇದೇ ಫೋನಿನಲ್ಲಿ. ಮಠಕ್ಕೆ ನಡೆದು ಬರಲಾಗದ ವೃದ್ಧೆ ಶ್ರಾವಣದ ಪ್ರವಚನವನ್ನು ಹಾಸಿಗೆಯಲ್ಲಿ ಮಲಗಿಯೇ ಕೇಳುತ್ತಾಳೆ. ಅಷ್ಟೇ ಅಲ್ಲ, ಎದುರಿಗೆ ಹಿರಿಯರಿದ್ದಾರೆಂದು ಸಭೆಯ ಹಿಂದೆ ಸೆರಗು ಹೊದ್ದು ಕೂರುತ್ತಿದ್ದ ಹೆಣ್ಣುಮಕ್ಕಳು ಈಗ ವಚನದ ಮೇಲೆ ನಾಲ್ಕು ಸಾಲು ಬರೆದು ಹಾಕುತ್ತಿದ್ದಾರೆ. ಅವು ಎಷ್ಟೋ ಸಲ ವೇದಿಕೆಯ ಭಾಷಣಗಳಿಗಿಂತ ಚೆನ್ನಾಗಿರುತ್ತವೆ. ಅಂಥವರ ಬರಹದ ಕೆಳಗೆ ಹೊಲಸು ಮಾತು ಬಂದು ಬಿದ್ದಾಗ ಅವರು ಮರುದಿನದಿಂದ ಬರೆಯುವುದನ್ನೇ ನಿಲ್ಲಿಸುತ್ತಾರೆ. ಹಾಗೆ ನಿಂತುಹೋದ ದನಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಯದಾಗಿ ಗುಂಪುಗಳನ್ನು ನಡೆಸುವವರಿಗೆ ಒಂದು ಬಿನ್ನಹ. ಅಡ್ಮಿನ್ ಎಂಬುದು ಪದವಿಯಾಗಿಬಿಟ್ಟಿದೆ, ಅದು ಕಾಯಕವಾಗಬೇಕು. ಸದಸ್ಯನೊಬ್ಬ ಹಾಕಿದ ಬರಹಕ್ಕೆ ಅಡ್ಮಿನ್ ಆಗಿರುವ ಕಾರಣಕ್ಕಷ್ಟೇ ಒಬ್ಬರನ್ನು ಅಪರಾಧಿಯನ್ನಾಗಿ ಮಾಡಲಾಗದೆಂದು 2022ರಲ್ಲಿ ಕೇರಳ ಹೈಕೋರ್ಟು ಹೇಳಿದೆ. ಕಾನೂನು ಬಿಟ್ಟಿತೆಂದು ಸಮಾಧಾನಪಡುವಂತಿಲ್ಲ, ಲಿಂಗದ ಮುಂದೆ ಆ ತೀರ್ಪನ್ನು ತೋರಿಸಲಾಗದು. ಶ್ರೀಮಠದ ಹೆಸರಿನಲ್ಲಿರುವ ಗುಂಪುಗಳಲ್ಲಿ ಯಾವುದೇ ಸುದ್ದಿ ಹಾಕುವವರು ಅದನ್ನು ಎಲ್ಲಿಂದ ತಿಳಿದೆವೆಂಬುದನ್ನೂ ತಮ್ಮ ಹೆಸರನ್ನೂ ಕೆಳಗೆ ಬರೆಯಲಿ. ವಚನ ಹಾಕುವವರು ಅದು ಯಾವ ಸಂಪುಟದಲ್ಲಿದೆಯೆಂದು ಕಾಣಿಸಲಿ. ಮೂಲವಿಲ್ಲದ್ದನ್ನು ಅಡ್ಮಿನ್ ಅಳಿಸಲಿ. ಅಳಿಸುವ ಮುನ್ನ ಕಳಿಸಿದವರಿಗೆ ಒಂದು ಫೋನ್ ಮಾಡಿ ಕಾರಣ ಹೇಳಲಿ. ಅವರು ವಯಸ್ಸಿನಲ್ಲಿ ಹಿರಿಯರಾಗಿದ್ದು ಅದೇ ಊರಿನವರಾಗಿದ್ದರೆ ಸಂಜೆ ಅವರ ಮನೆಗೇ ಹೋಗಿ, ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು ಹೇಳಿಬರಲಿ.